ದಿವಾರ್ ದ್ವೀಪಕ್ಕೆ ಮನೆ ಬದಲಿಸುವಾಗ ನಾಯಿ, ಬೆಕ್ಕಿನ ತುರ್ತು ಚಿಕಿತ್ಸೆಗೆ ಸಿದ್ಧತೆ

ಪ್ರಶ್ನೆ:
ಮುಂದಿನ ತಿಂಗಳು ನಾವು ಪಣಜಿಯಿಂದ ಮಾಂಡವಿ ನದಿಯ ದಿವಾರ್ ದ್ವೀಪಕ್ಕೆ ಮನೆ ಬದಲಿಸುತ್ತಿದ್ದೇವೆ. ಜೊತೆಗೆ ವಯಸ್ಸಾದ ನಾಯಿಯೂ ಒಂದು ಬೆಕ್ಕೂ ಇವೆ. ಹಳೆ ಗೋವಾಕ್ಕೆ ದಾಟಲು ಫೆರ್ರಿಯನ್ನೇ ನಂಬಬೇಕಾದ ಕಡೆ, ರಾತ್ರಿ ಹೊತ್ತು ಹಾವು ಕಚ್ಚಿದರೆ ಏನು ಮಾಡುವುದು ಎಂಬುದೇ ನನ್ನ ದೊಡ್ಡ ಚಿಂತೆ. ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ 1:
ನಿಮ್ಮ ಚಿಂತೆ ಸರಿಯಾದದ್ದೇ. ಕಚ್ಚಿದ ಜಾಗವನ್ನು ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಯಾವುದನ್ನೂ ಮಾಡದೆ, ನಾಯಿಯನ್ನು ನಡೆಸದೆ ಎತ್ತಿಕೊಂಡೇ ಹೊರಡಬೇಕು. ಓಡಾಡಿದಷ್ಟೂ ವಿಷ ಬೇಗ ಹರಡುತ್ತದೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ನಮ್ಮಲ್ಲಿ ಒಂದೇ ಪ್ರತಿವಿಷ ಬಳಸುವುದರಿಂದ, ಕಚ್ಚಿದ ಹಾವನ್ನು ಹುಡುಕುತ್ತ ಹೊತ್ತು ಕಳೆಯಬೇಡಿ. ಆ ಪ್ರತಿವಿಷವನ್ನು ಇಟ್ಟಿರುವ, ರಾತ್ರಿಯೂ ತೆರೆದಿರುವ ಪಶುಚಿಕಿತ್ಸಾಲಯ ಯಾವುದೆಂದು ಈಗಲೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ. ಕೊನೆಯ ಫೆರ್ರಿಯ ಸಮಯವನ್ನು ಜೆಟ್ಟಿಯಲ್ಲೇ ವಿಚಾರಿಸುವುದು ಒಳ್ಳೆಯದು.

ಉತ್ತರ 2:
ಮೇಲಿನವರು ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ವೈದ್ಯರು ದೂರವಿದ್ದಾರೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲನ್ನು ಬೆಕ್ಕಿಗೆ ದಯವಿಟ್ಟು ಕೊಡಲೇಬೇಡಿ, ಒಂದೇ ಮಾತ್ರೆ ಅದರ ಪ್ರಾಣ ತೆಗೆಯಬಲ್ಲದು. ದಿವಾರ್‌ನ ಗದ್ದೆಗಳಲ್ಲಿ ಮಳೆಗಾಲದಲ್ಲಿ ನೀರು ನಿಲ್ಲುತ್ತದೆ. ಇಲಿಯ ಮೂತ್ರ ಬೆರೆತ ಅಂಥ ನೀರಿನಿಂದ ಲೆಪ್ಟೊಸ್ಪೈರೋಸಿಸ್ ತಗಲುವುದರಿಂದ, ರೇಬಿಸ್ ಲಸಿಕೆಯ ಜೊತೆಗೆ ನಾಯಿಗೆ ಅದರ ಲಸಿಕೆಯನ್ನೂ ಪಣಜಿಯಲ್ಲಿರುವಾಗಲೇ ಹಾಕಿಸಿ.