ಪಾರ್ಕಿನ ಉಗಿ ರೈಲು: ಬಾಯ್ಲರ್ ಇಂಜಿನಿಯರ್ ಜೊತೆ ಪ್ರಶ್ನೋತ್ತರ

ಹಳಿಮಿತ್ರ: ಸರ್, ಗೇಟ್ ತೆರೆಯುವ ಹೊತ್ತಿಗೆ ನಮ್ಮ ಪಾರ್ಕಿನ ಉಗಿ ಇಂಜಿನ್ ರೆಡಿ ಇರಬೇಕು. ಬೇಗ ಪ್ರೆಷರ್ ಬರಿಸುವುದು ಹೇಗೆ?

ಬಾಯ್ಲರ್ ಇಂಜಿನಿಯರ್: ಬೇಗ ಬರಿಸಬೇಡಿ. ತಣ್ಣಗಿರುವ ಬಾಯ್ಲರ್‌ಗೆ ಜೋರು ಬೆಂಕಿ ಕೊಟ್ಟರೆ ಒಳಗಿನ ಫೈರ್‌ಬಾಕ್ಸ್, ಅಂದರೆ ಬೆಂಕಿ ಉರಿಯುವ ಗೂಡು, ಮೊದಲು ಹಿಗ್ಗುತ್ತದೆ, ಹೊರಗಿನ ತಗಡು ಹಿಂದೆ ಉಳಿಯುತ್ತದೆ. ಟ್ಯೂಬ್ ಸೋರುತ್ತದೆ, ಎರಡೂ ತಗಡನ್ನು ಹಿಡಿದಿಡುವ ಸ್ಟೇ ಬೋಲ್ಟ್ ಮುರಿಯುತ್ತದೆ. ನಸುಕಿಗೇ ಬನ್ನಿ, ಸಣ್ಣ ಬೆಂಕಿಯಿಂದ ಶುರು ಮಾಡಿ.

ಕಿಟಕಿ ಸೀಟು: ಫಾರ್ವರ್ಡ್ ಬಂದಿದೆ. "ಬಾಯ್ಲರ್ ನೀರಿಗೆ ಆಲೂಗಡ್ಡೆ ಹಾಕಿ, ಸ್ಕೇಲ್ (ಗಡಸು ನೀರಿನ ಗಟ್ಟಿ ಪದರ) ಕಟ್ಟುವುದೇ ಇಲ್ಲ. ಹಳೆಯ ಡ್ರೈವರ್‌ಗಳ ಗುಟ್ಟು. ಎಲ್ಲರಿಗೂ ತಿಳಿಸಿ." ನಿಜಾನಾ?

ಬಾಯ್ಲರ್ ಇಂಜಿನಿಯರ್: ಹಿಂದೆ ಹಾಕುತ್ತಿದ್ದದ್ದು ನಿಜ. ಆಗ ನೀರಿನ ಟೆಸ್ಟ್ ಇರಲಿಲ್ಲ. ಪಿಷ್ಟ ಸೇರಿದರೆ ನೀರು ನೊರೆ ಏಳುತ್ತದೆ, ಉಗಿಯ ಜೊತೆ ನೀರೂ ಸಿಲಿಂಡರ್‌ಗೆ ಹೋಗುತ್ತದೆ. ನೀರನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ, ಸಿಲಿಂಡರ್ ಮುಚ್ಚಳವೇ ಒಡೆಯುತ್ತದೆ. ನೀರು ಟೆಸ್ಟ್ ಮಾಡಿಸಿ, ಅದಕ್ಕೆ ತಕ್ಕ ಔಷಧ ಹಾಕಿ, ತಪ್ಪದೆ ಬ್ಲೋಡೌನ್ ಮಾಡಿ, ಅಂದರೆ ತಳದ ಕೊಳಕು ನೀರನ್ನು ಹೊರಬಿಡಿ.

ಟಿಕೆಟ್ ಕಲೆಕ್ಟರ್: ಪಾರ್ಕಿಗೆ ಉಗಿ ಯಾಕೆ ಬೇಕು? ಡೀಸೆಲ್ ಇಂಜಿನ್‌ಗೆ ಹೊಗೆಕೊಳವೆ ಅಂಟಿಸಿದರೆ ಮಕ್ಕಳಿಗೆ ಗೊತ್ತೇ ಆಗಲ್ಲ.

ಹಳಿಮಿತ್ರ: ಮಕ್ಕಳಿಗೇ ಮೊದಲು ಗೊತ್ತಾಗುತ್ತದೆ ಸ್ವಾಮಿ. ಡಿಸ್ನಿಲ್ಯಾಂಡ್‌ನಲ್ಲಿ 1955ರಿಂದ ಉಗಿ ಇಂಜಿನ್ ಓಡುತ್ತಿದೆ. ಫ್ಲೋರಿಡಾದ ಅವರ ಪಾರ್ಕಿನಲ್ಲಿ ಇರುವ ನಾಲ್ಕೂ ಬಾಲ್ಡ್‌ವಿನ್ ಕಂಪನಿಯ ಇಂಜಿನ್‌ಗಳು ಮೆಕ್ಸಿಕೋದ ಯುಕಾಟಾನ್‌ನಲ್ಲಿ ದುಡಿದು ಬಂದವು.

ಟಿಕೆಟ್ ಕಲೆಕ್ಟರ್: ಅವರ ಹತ್ತಿರ ದುಡ್ಡಿದೆ.

ಫೈರ್‌ಮನ್ ಮರಿ: ಸರ್, ಒಂದು ಸಣ್ಣ ಡೌಟು. ಒಂದು ವಾರದಿಂದ, ಬಾಯ್ಲರ್ ನೀರಿನ ಮಟ್ಟ ತೋರಿಸುವ ನಮ್ಮ ಗೇಜ್ ಗ್ಲಾಸ್‌ನಲ್ಲಿ ನೀರು ಅಲ್ಲಾಡುವುದೇ ಇಲ್ಲ. ಬ್ರೇಕ್ ಹಾಕಿದಾಗಲೂ ಅರ್ಧದಲ್ಲೇ ನಿಂತಿರುತ್ತದೆ. ಎರಡನೇ ಗ್ಲಾಸ್ ಒಡೆದಿತ್ತು, ಅದನ್ನು ಬಂದ್ ಮಾಡಿದ್ದೇವೆ. ಲೆವೆಲ್ ಚೆನ್ನಾಗಿದೆ ಅಂತ ಓಡಿಸ್ತಿದ್ದೇವೆ.

ಬಾಯ್ಲರ್ ಇಂಜಿನಿಯರ್: ಇದು ಸಣ್ಣ ಡೌಟಲ್ಲ. ಗಾಡಿ ನಿಲ್ಲಿಸಿ, ಜನರನ್ನು ಇಳಿಸಿ, ಆಮೇಲೆ ಓದಿ.

ಓಡುವ ಇಂಜಿನ್‌ನಲ್ಲಿ ನೀರು ಕುಣಿಯಲೇಬೇಕು. ಕುಣಿಯದಿದ್ದರೆ ಗ್ಲಾಸ್‌ಗೂ ಬಾಯ್ಲರ್‌ಗೂ ನಡುವಿನ ಕಾಕ್‌ನ (ನಲ್ಲಿಯ) ದಾರಿ ಸ್ಕೇಲ್‌ನಿಂದ ಮುಚ್ಚಿದೆ ಅಂತಲೇ ಲೆಕ್ಕ. ಕೆಳಗಿನ ದಾರಿ ಕಟ್ಟಿದರೆ ಗಾಜಿನಲ್ಲಿ ಹಳೆಯ ನೀರೇ ನಿಂತಿರುತ್ತದೆ, ಮೇಲಿನ ಉಗಿ ತಣಿದು ಅದಕ್ಕೇ ಸೇರುತ್ತದೆ. ಬಾಯ್ಲರ್ ಬರಿದಾಗುತ್ತಿದ್ದರೂ ಗಾಜು ಅರ್ಧ ತೋರಿಸುತ್ತದೆ. ಫೈರ್‌ಬಾಕ್ಸ್‌ನ ಮೇಲ್ಚಾವಣಿ, ಅಂದರೆ ಕ್ರೌನ್ ಶೀಟ್, ನೀರು ಮುಚ್ಚಿರುವ ತನಕ ಮಾತ್ರ ಕ್ಷೇಮ. ನೀರು ಇಳಿದರೆ ತಗಡು ಕೆಂಪಗಾಗಿ ಮೆತ್ತಗಾಗುತ್ತದೆ, ಪ್ರೆಷರ್ ಅದನ್ನು ಒಳಕ್ಕೆ ತಳ್ಳುತ್ತದೆ. 1995ರ ಜೂನ್‌ನಲ್ಲಿ ಅಮೆರಿಕದ ಗೆಟಿಸ್‌ಬರ್ಗ್ ಪ್ರವಾಸಿ ರೈಲಿನಲ್ಲಿ ಆದದ್ದು ಇದೇ. ಇಂಜಿನ್ ನಂಬರ್ 1278. ಕ್ಯಾಬ್‌ನಲ್ಲಿದ್ದ ಮೂವರು ಸುಟ್ಟುಕೊಂಡರು. ತನಿಖೆ ಮಾಡಿದವರಿಗೆ ಸಿಕ್ಕಿದ್ದು ಕಟ್ಟಿದ್ದ ಗೇಜ್ ಗ್ಲಾಸ್, ಕೆಟ್ಟ ನೀರು.

ಗ್ಲಾಸ್ ಟೆಸ್ಟ್ ಮಾಡುವುದು ಹೀಗೆ. ಕೆಳಗಿನ ಕಾಕ್ ಮುಚ್ಚಿ ಡ್ರೈನ್ ತೆರೆಯಿರಿ, ಉಗಿ ಜೋರಾಗಿ ಬರಬೇಕು. ಮೇಲಿನದು ಮುಚ್ಚಿ ಕೆಳಗಿನದು ತೆರೆಯಿರಿ, ನೀರು ಬರಬೇಕು. ಎರಡೂ ತೆರೆದು ಡ್ರೈನ್ ಮುಚ್ಚಿದರೆ ನೀರು ಥಟ್ಟನೆ ಮೇಲೇರಬೇಕು. ನಿಧಾನವಾಗಿ ಏರಿದರೂ ಫೇಲ್. ಲೆವೆಲ್ ಖಚಿತವಿಲ್ಲದಿದ್ದರೆ ತಣ್ಣೀರು ಬಿಡಲು ಹೋಗಬೇಡಿ. ಬೆಂಕಿ ತೆಗೆದು ದೂರ ನಿಲ್ಲಿ.

ಕಿಟಕಿ ಸೀಟು: ಸರ್, ಆಲೂಗಡ್ಡೆ ಬೇಡ ಅಂದ್ರೆ ವಿನೆಗರ್?

ಬಾಯ್ಲರ್ ಇಂಜಿನಿಯರ್: ಬೇಡ.

ಪಾಯಿಂಟ್ಸ್‌ಮನ್: ಎರಡು ಊರು ದಾಟಿ ಕೇಳಿಸುವ ವಿಸಲ್ ಹಾಕಿಸಬೇಕು. ಯಾವ ಅಳತೆ?

ಹೊಸಬ: ಬೆಳಗ್ಗೆ ಪ್ರೆಷರ್ ಬೇಗ ಬರಲು ಏನು ಮಾಡಬೇಕು?

ಬಾಯ್ಲರ್ ಇಂಜಿನಿಯರ್: ಮೇಲೆ ಓದಿ.

ಟಿಕೆಟ್ ಕಲೆಕ್ಟರ್: ನೋಡಿದ್ರಾ? ಇದಕ್ಕೇ ನಾನು ಡೀಸೆಲ್ ಅಂದದ್ದು.

ಹಳಿಮಿತ್ರ: ಗಾಜು ಒಡೆದಾಗ ಬದಲಿಸದೆ ಕೂತವರ ತಪ್ಪು, ಉಗಿಯ ತಪ್ಪಲ್ಲ. ಟಿಕೆಟ್ ಹರಿಯೋದು ಬಿಟ್ಟು ನಿಮಗೆ ಏನು ಗೊತ್ತು?

ಟಿಕೆಟ್ ಕಲೆಕ್ಟರ್: ಬಾಯಿ ಹಿಡಿದು ಮಾತಾಡಿ.

ಕಿಟಕಿ ಸೀಟು: ಇನ್ನೊಂದು ಫಾರ್ವರ್ಡ್. "ಡಿಟರ್ಜೆಂಟ್‌ನಿಂದ ಬಾಯ್ಲರ್ ತೊಳೆದರೆ..."

ಬಾಯ್ಲರ್ ಇಂಜಿನಿಯರ್: ಇನ್ನೊಂದು ಹಾಕಿದರೆ ನಿಮ್ಮನ್ನು ಗುಂಪಿನಿಂದ ತೆಗೆಯಲು ಅಡ್ಮಿನ್‌ಗೆ ಹೇಳುತ್ತೇನೆ. ಫೈರ್‌ಮನ್ ಮರಿ, ಎಲ್ಲಿದ್ದೀರಿ? ಟೆಸ್ಟ್ ಆಯ್ತಾ?

ಫೈರ್‌ಮನ್ ಮರಿ: ಆಯ್ತು ಸರ್. ಕೆಳಗಿನ ಕಾಕ್‌ನಿಂದ ನೀರು ತೊಟ್ಟಿಕ್ಕಿತು ಅಷ್ಟೇ. ಬರ್ನರ್ ಆಫ್ ಮಾಡಿದ್ದೇವೆ. ಮ್ಯಾನೇಜರ್ ಸಂಜೆಯ ಟ್ರಿಪ್ ಇದೆ ಅಂತಿದ್ದಾರೆ.

ಬಾಯ್ಲರ್ ಇಂಜಿನಿಯರ್: ಟ್ರಿಪ್ ಇಲ್ಲ. ತಾನಾಗಿ ತಣಿಯಲಿ. ಆಮೇಲೆ ಎರಡೂ ಗ್ಲಾಸ್ ಸರಿ ಮಾಡಿಸಿ, ಇನ್‌ಸ್ಪೆಕ್ಟರ್ ಕ್ರೌನ್ ಶೀಟ್ ನೋಡುವ ತನಕ ಬೆಂಕಿ ಹಚ್ಚಬೇಡಿ. ಮ್ಯಾನೇಜರ್‌ಗೆ ಇದನ್ನೇ ಬರೆದು ಕೊಡಿ, ಸಹಿ ತೆಗೆದುಕೊಳ್ಳಿ.

ಫೈರ್‌ಮನ್ ಮರಿ: ಸರಿ ಸರ್. ಸಂಜೆಗೆ ಡೀಸೆಲ್ ಶಂಟರ್ ಎಳೆಯುತ್ತದಂತೆ.

ಟಿಕೆಟ್ ಕಲೆಕ್ಟರ್: 😄😄

ಹಳಿಮಿತ್ರ: ನಗೋದಕ್ಕೇನಿದೆ ಇಲ್ಲಿ?