ದೊಡ್ಡ ಅಲೆಯಡಿ ಸಿಕ್ಕಿಕೊಂಡಾಗ ಆ ಹದಿನಾರು ಸೆಕೆಂಡುಗಳಲ್ಲಿ ಏನು ಮಾಡಬೇಕು?

ಅಲೆಮಾರಿ ಅವರ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಾನು ಆರು ವರ್ಷಗಳಿಂದ ಸರ್ಫಿಂಗ್ ಮಾಡುತ್ತಿದ್ದೇನೆ. ಆಳೆತ್ತರದ ಅಲೆಗಳು ರೂಢಿಯಾದ ಮೇಲೆ, ಈಗ ಎರಡು ಋತುಗಳಿಂದ ಅದರ ಎರಡು ಮೂರು ಪಟ್ಟು ಎತ್ತರದ ಅಲೆಗಳಿಗೆ ಹೋಗತೊಡಗಿದ್ದೇನೆ. ಕಳೆದ ತಿಂಗಳು ಅಂಥ ಒಂದು ಅಲೆಯಲ್ಲಿ ಎದ್ದು ನಿಲ್ಲುವುದು ಅರೆಗಳಿಗೆ ತಡವಾಯಿತು. ಹಲಗೆಯ ಮೂತಿ ನೀರಿಗೆ ನುಗ್ಗಿತು, ನಾನು ಅಲೆಯ ಬುಡಕ್ಕೆ ಬಿದ್ದೆ. ಮೇಲಿಂದ ಮಗುಚಿದ ನೀರು ನನ್ನನ್ನು ಎಷ್ಟು ಆಳಕ್ಕೆ ಒಯ್ದಿತೋ ತಿಳಿಯದು. ಕಿವಿ ನೋಯುವಷ್ಟು ಆಳ ಎಂಬುದು ಮಾತ್ರ ಖಚಿತ. ಕೈಕಾಲು ಬಡಿದು ಹೇಗೋ ಮೇಲೆ ಬಂದಾಗ ಬಾಯಿಗೆ ಸಿಕ್ಕಿದ್ದು ಅರ್ಧ ಗಾಳಿ, ಅರ್ಧ ನೊರೆ. ಅಷ್ಟರಲ್ಲಿ ಎರಡನೆಯ ಅಲೆ ತಲೆಯ ಮೇಲಿತ್ತು. ಆ ಎರಡನೆಯ ಮುಳುಗಿನಲ್ಲಿ, ಇನ್ನು ನನ್ನ ಕಥೆ ಮುಗಿಯಿತು ಎಂದೇ ಅನಿಸಿತ್ತು.

ನನ್ನನ್ನು ಕಾಡುತ್ತಿರುವುದು ಒಂದು ಲೆಕ್ಕ. ಮನೆಯಲ್ಲಿ ಹಾಸಿಗೆಯ ಮೇಲೆ ಮಲಗಿ ನಾನು 3 ನಿಮಿಷ ಉಸಿರು ಹಿಡಿಯಬಲ್ಲೆ. ದಡದಲ್ಲಿದ್ದ ಗೆಳೆಯ ತೆಗೆದ ವಿಡಿಯೊ ನೋಡಿದರೆ, ಮೊದಲ ಸಲ ನಾನು ನೀರಿನಡಿ ಇದ್ದದ್ದು ಬರೀ 16 ಸೆಕೆಂಡು, ಎರಡನೆಯ ಸಲ 13. ಮೂರು ನಿಮಿಷ ತಾಳುವ ಎದೆ ಹದಿನಾರು ಸೆಕೆಂಡಿಗೆ ಸೋತದ್ದು ಹೇಗೆ? ಬೀಳುವಾಗಲೂ ನೀರಿನಡಿ ಇರುವಾಗಲೂ ಮೈಯನ್ನು ಹೇಗೆ ಇಟ್ಟುಕೊಳ್ಳಬೇಕು? ಗಾಳಿ ತುಂಬುವ ಜಾಕೆಟ್ ಕೊಂಡರೆ ಈ ಚಿಂತೆ ತಪ್ಪುತ್ತದೆಯೇ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉಪ್ಪುಗಾಳಿ ಅವರ ಉತ್ತರ:

ಹಾಸಿಗೆಯ ಮೇಲಿನ ಮೂರು ನಿಮಿಷವನ್ನು ಮೊದಲು ಮರೆತುಬಿಡಿ. ಅಲ್ಲಿ ನಿಮ್ಮ ಹೃದಯ ನಿಧಾನವಾಗಿ ಬಡಿಯುತ್ತಿರುತ್ತದೆ, ಸ್ನಾಯುಗಳು ಸಡಿಲವಾಗಿರುತ್ತವೆ, ಎದೆಯ ತುಂಬ ಗಾಳಿ ತೆಗೆದುಕೊಂಡು ನೀವೇ ಆರಂಭಿಸುತ್ತೀರಿ. ಅಲೆ ಹಿಡಿಯಲು ಶಕ್ತಿಯೆಲ್ಲ ಹಾಕಿ ತೋಳು ಬೀಸಿದ ಮರುಗಳಿಗೆಯಲ್ಲಿ ಇವು ಮೂರೂ ಇರುವುದಿಲ್ಲ. ಬೀಳುವ ಗಾಬರಿಯಲ್ಲಿ ಕೂಗಿದರಂತೂ ಇದ್ದ ಗಾಳಿಯೂ ಹೊರಗೆ ಹೋಗುತ್ತದೆ. ಇನ್ನೊಂದು ಸಂಗತಿಯೆಂದರೆ, ಉಸಿರಾಡಲೇಬೇಕೆಂಬ ಆ ಹಿಂಸೆ ಆಮ್ಲಜನಕ ಮುಗಿದದ್ದರ ಸೂಚನೆಯಲ್ಲ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದ್ದರ ಸೂಚನೆ. ದುಡಿದ ಮೈಯಲ್ಲಿ ಅದು ಬೇಗ ಏರುತ್ತದೆ. ಆದ್ದರಿಂದ ಹದಿನಾರನೆಯ ಸೆಕೆಂಡಿನಲ್ಲಿ ನಿಮಗೆ ಸಾವಿನಂತೆ ಕಂಡದ್ದು ಹೆಚ್ಚಾಗಿ ಸಂಕಟವೇ ಹೊರತು ಸಾವಲ್ಲ. ನಿಮ್ಮಲ್ಲಿ ಇನ್ನೂ ಆಮ್ಲಜನಕ ಉಳಿದಿತ್ತು. ಹಾಗೆಂದು ನೀರಿಗಿಳಿಯುವ ಮೊದಲು ಜೋರುಜೋರಾಗಿ ಉಸಿರೆಳೆದು ಬಿಡುವ ಉಪಾಯಕ್ಕೆ ಹೋಗಬೇಡಿ. ಅದರಿಂದ ಆಮ್ಲಜನಕ ಹೆಚ್ಚುವುದಿಲ್ಲ, ಎಚ್ಚರಿಕೆಯ ಗಂಟೆ ಮಾತ್ರ ತಡವಾಗುತ್ತದೆ, ಗಂಟೆ ಬಾರಿಸುವ ಮುಂಚೆಯೇ ಪ್ರಜ್ಞೆ ತಪ್ಪಬಹುದು.

ಬೀಳುವ ಬಗ್ಗೆ: ಬೀಳುವುದು ಖಚಿತವಾದ ಕ್ಷಣದಲ್ಲಿ ಸಮತೋಲನಕ್ಕಾಗಿ ಹೆಣಗುವುದನ್ನು ಬಿಟ್ಟು, ಇರುವ ಅರ್ಧ ಸೆಕೆಂಡನ್ನು ಉಸಿರು ತೆಗೆದುಕೊಳ್ಳಲು ಮತ್ತು ಹಲಗೆಯಿಂದ ದೂರ ಹಾರಲು ಬಳಸಬೇಕು. ತಲೆ ಮುಂದಾಗಿ ಎಂದೂ ಧುಮುಕಬಾರದು. ಕೆಳಗೆ ಬಂಡೆ ಅಥವಾ ಹವಳದ ದಿಬ್ಬವಿದ್ದು ನೀರು ತೆಳುವಾಗಿದ್ದರೆ, ಆಳಕ್ಕೆ ಇಳಿಯದಂತೆ ಮೈ ಅಗಲಿಸಿ ಬೀಳುವುದೇ ಸರಿ. ಗಲ್ಲವನ್ನು ಎದೆಗೆ ಒತ್ತಿ, ಎರಡೂ ತೋಳುಗಳಿಂದ ತಲೆ ಕಿವಿಗಳನ್ನು ಬಳಸಿಕೊಳ್ಳಿ. ಒಂದು ಘನ ಮೀಟರ್ ಕಡಲ ನೀರು ಒಂದು ಟನ್ನಿಗಿಂತ ತುಸು ಹೆಚ್ಚು ತೂಗುತ್ತದೆ. ಅಂಥ ಹತ್ತಾರು ಟನ್ನು ಮೈಮೇಲೆ ಮಗುಚುವಾಗ ಚಾಚಿದ ತೋಳು ಭುಜದ ಕೀಲಿನಿಂದ ಕಳಚಿಕೊಳ್ಳುವುದು ಅಪರೂಪವಲ್ಲ.

ಆಮೇಲಿನದು ಹೇಳಲು ಸುಲಭ, ಮಾಡಲು ಕಷ್ಟ. ಮೊದಲ ಏಳೆಂಟು ಸೆಕೆಂಡು ಏನನ್ನೂ ಮಾಡಬಾರದು. ಸುಳಿಯ ಬಲ ನಿಮ್ಮ ಈಜಿಗೆ ಮಣಿಯುವುದಿಲ್ಲ. ನೊರೆಯಲ್ಲಿ ಗಾಳಿ ಬೆರೆತಿರುವುದರಿಂದ ಅದು ಮೈಯನ್ನು ತೇಲಿಸುವುದೂ ಕಡಿಮೆ, ಕೈಗೆ ಸಿಗುವ ಹಿಡಿತವೂ ಕಡಿಮೆ. ಅದರಲ್ಲಿ ತೋಳು ಬಡಿಯುವುದೆಂದರೆ ಮೋಡವನ್ನು ಹತ್ತಲು ಹೊರಟ ಹಾಗೆ. ನಾನು ಸೆಕೆಂಡುಗಳನ್ನು ಎಣಿಸುತ್ತೇನೆ. ಎಣಿಕೆಗೆ ಬೇರೆ ಶಕ್ತಿಯೇನೂ ಇಲ್ಲ, ಗಾಬರಿಗೆ ಜಾಗ ಸಿಗುವುದಿಲ್ಲ ಅಷ್ಟೆ. ಸುಳಿ ಸಡಿಲಿಸಿದ್ದು ಮೈಗೆ ತಿಳಿಯುತ್ತದೆ. ಆಗ ಕಣ್ಣು ತೆರೆದು ಬೆಳಕಿನ ಕಡೆ ಏಳಿ. ಕತ್ತಲಿದ್ದರೆ ಕಾಲಿಗೆ ಕಟ್ಟಿದ ಲೀಶ್ ಹಿಡಿದು ಅದು ಎಳೆಯುವ ದಿಕ್ಕಿಗೆ ಹೋಗಿ, ಏಕೆಂದರೆ ಅದರ ಇನ್ನೊಂದು ತುದಿಯಲ್ಲಿರುವ ಹಲಗೆ ಮೇಲಕ್ಕೇ ತೇಲಲು ನೋಡುತ್ತಿರುತ್ತದೆ. ನೀರಿನಿಂದ ಹೊರಬರುವಾಗ ಒಂದು ಕೈ ತಲೆಯ ಮೇಲಿರಲಿ. ಮೇಲೆ ಹಲಗೆಯೇ ಕಾದಿರಬಹುದು.

ಕಾವಲುದೋಣಿ ಅವರ ಉತ್ತರ:

ನಾನು ಜೆಟ್ ಸ್ಕೀ ಮೇಲೆ ಕುಳಿತು ಬಿದ್ದವರನ್ನು ಎತ್ತುವ ಕಡೆಯವನು. ಮೇಲಿನ ಮಾತುಗಳನ್ನು ಒಪ್ಪುತ್ತಲೇ ಒಂದನ್ನು ಸೇರಿಸುತ್ತೇನೆ: ಮೊದಲ ಅಲೆಗಿಂತ ಎರಡನೆಯದು ಅಪಾಯಕಾರಿ. ದೂರದ ಬಿರುಗಾಳಿಯಿಂದ ಹೊರಟು ಬರುವ ದೊಡ್ಡ ಅಲೆಗಳ ನಡುವೆ ಸಾಮಾನ್ಯವಾಗಿ 14ರಿಂದ 20 ಸೆಕೆಂಡುಗಳ ಅಂತರವಿರುತ್ತದೆ. ಮೊದಲನೆಯದರಡಿ 16 ಸೆಕೆಂಡು ಕಳೆದವನಿಗೆ ಮೇಲೆ ಸಿಗುವುದು ಒಂದೇ ಉಸಿರು, ಕೆಲವೊಮ್ಮೆ ಅದೂ ಇಲ್ಲ. ಕ್ಯಾಲಿಫೋರ್ನಿಯಾದ ಮ್ಯಾವರಿಕ್ಸ್‌ನಲ್ಲಿ 2010ರಲ್ಲಿ ಶೇನ್ ಡೋರಿಯನ್ ಸತತ ಎರಡು ಅಲೆಗಳಡಿ ಸಿಕ್ಕಿ ಬದುಕಿ ಬಂದರು; ಮರುವರ್ಷ ಮಾರ್ಚ್‌ನಲ್ಲಿ ಅದೇ ಜಾಗದಲ್ಲಿ ಅದೇ ಬಗೆಯಲ್ಲಿ ಸಿಕ್ಕಿದ ಸಿಯಾನ್ ಮಿಲೋಸ್ಕಿ ಬದುಕಲಿಲ್ಲ. ಇಬ್ಬರೂ ನುರಿತವರೇ.

ಡೋರಿಯನ್ ಅವರ ಆ ಅನುಭವದಿಂದಲೇ ಗಾಳಿ ತುಂಬುವ ಉಡುಪು ಸರ್ಫಿಂಗ್‌ಗೆ ಬಂದದ್ದು. ಹಿಡಿ ಎಳೆದರೆ ಸಿಲಿಂಡರಿನ ಅನಿಲ ಚೀಲಕ್ಕೆ ನುಗ್ಗಿ ನಿಮ್ಮನ್ನು ಮೇಲೆತ್ತುತ್ತದೆ. ಕೊಳ್ಳಿ, ಖಂಡಿತ ಕೊಳ್ಳಿ. ಆದರೆ ಚಿಂತೆ ತಪ್ಪುತ್ತದೆಯೇ ಎಂದು ಕೇಳಿದ್ದೀರಿ, ಇಲ್ಲ. 2012ರ ಡಿಸೆಂಬರ್‌ನಲ್ಲಿ ದಡದಿಂದ ಬಹುದೂರ ಕಡಲೊಳಗಿರುವ ಕೋರ್ಟೆಸ್ ಬ್ಯಾಂಕ್ ಎಂಬ ದಿಬ್ಬದ ಬಳಿ ಗ್ರೆಗ್ ಲಾಂಗ್ ಅವರ ಉಡುಪು ಉಬ್ಬಲೇ ಇಲ್ಲ. ಒಂದರ ಹಿಂದೊಂದು ಅಲೆಗಳಡಿ ಸಿಕ್ಕಿ ಪ್ರಜ್ಞೆ ತಪ್ಪಿದ ಅವರನ್ನು ಜೆಟ್ ಸ್ಕೀ ತಂಡದವರು ಎತ್ತಿ ತಂದರು. ಇದಲ್ಲದೆ 10 ಮೀಟರ್ ಆಳದಲ್ಲಿ ಒತ್ತಡ ಇಮ್ಮಡಿಯಾಗುವುದರಿಂದ ಅಷ್ಟೇ ಅನಿಲ ಅಲ್ಲಿ ಅರ್ಧದಷ್ಟೇ ಜಾಗ ತುಂಬುತ್ತದೆ, ಎತ್ತುವ ಬಲವೂ ಅಷ್ಟಕ್ಕೆ ಇಳಿಯುತ್ತದೆ. ಉಬ್ಬಿದ ಜಾಕೆಟ್ ತೊಟ್ಟವನು ಮುಂದಿನ ಅಲೆಯಡಿ ಮುಳುಗಿ ತಪ್ಪಿಸಿಕೊಳ್ಳಲೂ ಆಗುವುದಿಲ್ಲ. ನೊರೆಯ ಗೋಡೆ ಅವನನ್ನು ಬೆಂಡಿನಂತೆ ದಡದತ್ತ ಉರುಳಿಸಿಕೊಂಡು ಹೋಗುತ್ತದೆ. ಆ ಕಡೆ ಮರಳಿದ್ದರೆ ಸರಿ, ಬಂಡೆಗಳಿದ್ದರೆ ಗತಿಯೇನು?

ಲೀಶ್ ಬಗ್ಗೆಯೂ ಇದೇ ಮಾತು. ಹತ್ತಲು ಅದು ಹಗ್ಗವೇನೋ ಹೌದು, ಕೆಳಗಿನ ಬಂಡೆಗೆ ಸುತ್ತಿಕೊಂಡರೆ ಅದೇ ಉರುಳು. ತಟ್ಟನೆ ಬಿಡಿಸಿಕೊಳ್ಳುವ ಕೊಂಡಿಯಿರುವಂಥದನ್ನೇ ಬಳಸಿ, ಕಣ್ಣು ಮುಚ್ಚಿ ಅದನ್ನು ಬಿಚ್ಚುವುದನ್ನು ಒಣನೆಲದಲ್ಲಿ ನೂರು ಸಲ ಮಾಡಿ. ಜಾಕೆಟ್‌ನ ಹಿಡಿ ಹುಡುಕುವುದನ್ನೂ ಹಾಗೆಯೇ ಕೈಗೆ ಕಲಿಸಬೇಕು. ನಾನು ಎತ್ತಿದವರಲ್ಲಿ ಇಬ್ಬರು, ಹಿಡಿ ಯಾವ ಕಡೆಗಿತ್ತು ಎಂಬುದೇ ಆ ಹೊತ್ತಿನಲ್ಲಿ ನೆನಪಾಗಲಿಲ್ಲ ಎಂದಿದ್ದರು.

ನಿಮ್ಮ ಬರಹದಲ್ಲಿ ನೀರಿನಲ್ಲಿ ಜೊತೆಗಾರರು ಇದ್ದರೆಂದು ಎಲ್ಲೂ ಇಲ್ಲ. ದಡದಲ್ಲಿ ನಿಂತು ವಿಡಿಯೊ ತೆಗೆಯುತ್ತಿದ್ದ ಗೆಳೆಯ ನಿಮ್ಮನ್ನು ಎತ್ತಲಾರ. ನನ್ನ ಮಟ್ಟಿಗೆ ಇದು ಜಾಕೆಟ್‌ಗಿಂತ ದೊಡ್ಡ ಕೊರತೆ.

ಹಳೇಹಲಗೆ ಅವರ ಉತ್ತರ:

ಒಂದೇ ಮಾತು. ಸಾಲಿನಲ್ಲಿ ಬರುವ ಮೊದಲ ಅಲೆಯನ್ನು ಹಿಡಿಯಬೇಡಿ. ಅದರಲ್ಲಿ ಬಿದ್ದರೆ ಹಿಂದಿನವೆಲ್ಲ ನಿಮ್ಮ ತಲೆಯ ಮೇಲೆಯೇ ಒಡೆಯುತ್ತವೆ. ಅರ್ಧ ಗಂಟೆ ದಡದಲ್ಲಿ ಕುಳಿತು ಒಂದು ಸಾಲಿಗೆ ಎಷ್ಟು ಅಲೆ, ನಡುವೆ ಎಷ್ಟು ಸೆಕೆಂಡು, ಅಲೆ ಒಡೆಯದ ಆಳದ ದಾರಿ ಯಾವ ಕಡೆಗಿದೆ ಎಂದು ಎಣಿಸದೆ ನಾನು ನೀರಿಗೆ ಇಳಿದದ್ದಿಲ್ಲ. ಹುಡುಗರಿಗೆ ಇದು ಬೇಸರದ ಕೆಲಸ ಎಂಬುದು ಗೊತ್ತಿದೆ.

ತುರ್ತುಕೊಠಡಿ ಅವರ ಉತ್ತರ:

ವೃತ್ತಿಯಿಂದ ವೈದ್ಯ, ಬಿಡುವಿನಲ್ಲಿ ಸಣ್ಣ ಅಲೆಗಳ ಸರ್ಫರ್. ಕಿವಿ ನೋವಿನ ಮಾತನ್ನು ಯಾರೂ ಎತ್ತಿಕೊಳ್ಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಬಿದ್ದ ಪೆಟ್ಟಿಗೋ ಆಳದ ಒತ್ತಡಕ್ಕೋ ಕಿವಿಯ ತಮಟೆ ಹರಿದರೆ ತಣ್ಣೀರು ಒಳಗೆ ನುಗ್ಗಿ ತಲೆ ಸುತ್ತುತ್ತದೆ, ಮೇಲೆ ಯಾವುದು ಕೆಳಗೆ ಯಾವುದು ಎಂಬುದೇ ತಿಳಿಯದಂತಾಗುತ್ತದೆ. ಆಗ ನಿಮ್ಮ ಅನಿಸಿಕೆಯನ್ನು ನಂಬದೆ ಲೀಶ್ ಎಳೆಯುವ ದಿಕ್ಕನ್ನೇ ನಂಬಬೇಕು. ನೋವು ಈಗಲೂ ಇದ್ದರೆ ಕಿವಿ ತೋರಿಸದೆ ಮತ್ತೆ ನೀರಿಗೆ ಇಳಿಯಬೇಡಿ.

ಜೊತೆಗಾರರ ವಿಷಯ ಬಂದದ್ದು ಒಳ್ಳೆಯದಾಯಿತು. 2013ರ ಅಕ್ಟೋಬರ್‌ನಲ್ಲಿ ಪೋರ್ಚುಗಲ್‌ನ ನಜಾರೆಯಲ್ಲಿ ಪ್ರಜ್ಞೆ ತಪ್ಪಿ ತೇಲುತ್ತಿದ್ದ ಸರ್ಫರ್ ಮಾಯಾ ಗಬೇರಾ ಅವರನ್ನು ಜೊತೆಗಾರ ಕಾರ್ಲೋಸ್ ಬುರ್ಲೆ ದಡಕ್ಕೆ ತಂದರು, ಮರಳಿನ ಮೇಲೆಯೇ ಸಿಪಿಆರ್ (ಎದೆ ಒತ್ತಿ, ಬಾಯಿಯಿಂದ ಉಸಿರು ಕೊಡುವ ಚಿಕಿತ್ಸೆ) ನಡೆಯಿತು. ಅದೇ ಗಬೇರಾ 2020ರಲ್ಲಿ ಅದೇ ಜಾಗದಲ್ಲಿ 22.4 ಮೀಟರ್ ಎತ್ತರದ ಅಲೆಯನ್ನು ಸವಾರಿ ಮಾಡಿದರು. ಮುಳುಗಿದವರಲ್ಲಿ ಹೃದಯ ನಿಲ್ಲುವುದು ಆಮ್ಲಜನಕವಿಲ್ಲದೆ. ಆದ್ದರಿಂದ ಉಸಿರಾಟವಿಲ್ಲದಿದ್ದರೆ ಮೊದಲು ಬಾಯಿಯಿಂದ ಉಸಿರು ಕೊಟ್ಟು, ಬಳಿಕ 30 ಸಲ ಎದೆ ಒತ್ತುವುದು, 2 ಸಲ ಉಸಿರು ಕೊಡುವುದು, ಹೀಗೆ ಮುಂದುವರಿಸಬೇಕು. ನೀರು ಹೊರತೆಗೆಯಲೆಂದು ಹೊಟ್ಟೆ ಒತ್ತುವುದು ತಪ್ಪು. ವಾಂತಿಯಾಗಿ ಅದೇ ಶ್ವಾಸಕೋಶಕ್ಕೆ ಹೋಗುತ್ತದೆ. ಇದನ್ನು ಓದಿ ಕಲಿಯಲಾಗದು, ನಿಮ್ಮ ತಂಡದವರೆಲ್ಲ ಗೊಂಬೆಯ ಮೇಲೆ ಕೈಯಿಟ್ಟು ಕಲಿತಿರಬೇಕು.

ಇನ್ನು ಉಸಿರು ಹಿಡಿಯುವ ಅಭ್ಯಾಸ. ಒಣನೆಲದಲ್ಲಿ ಮಾಡಿ, ಇಲ್ಲವೇ ಕಣ್ಣಿಟ್ಟು ನೋಡುವ, ಎತ್ತಬಲ್ಲ ಒಬ್ಬರನ್ನು ಪಕ್ಕದಲ್ಲಿಟ್ಟುಕೊಂಡು ಈಜುಕೊಳದಲ್ಲಿ ಮಾಡಿ. ಶಾಂತವಾದ ಕೊಳದಲ್ಲಿ ಒಬ್ಬರೇ ಅಭ್ಯಾಸ ಮಾಡುತ್ತ ಸದ್ದಿಲ್ಲದೆ ಪ್ರಜ್ಞೆ ತಪ್ಪಿ ತೀರಿಕೊಂಡ ಬಲಿಷ್ಠ ಈಜುಗಾರರಿದ್ದಾರೆ.

ಅಲೆಮಾರಿ ಅವರ ಮರುಮಾತು:

ಎಲ್ಲರಿಗೂ ಕೃತಜ್ಞತೆಗಳು. ಹಳೇಹಲಗೆಯವರು ನೋಡದೆಯೇ ಹೇಳಿದಂತಿದೆ: ನಾನು ಬಿದ್ದದ್ದು ಸಾಲಿನ ಮೊದಲ ಅಲೆಯಲ್ಲೇ, ಮತ್ತು ನೀರಿನಲ್ಲಿ ನನ್ನ ಪರಿಚಯದವರು ಯಾರೂ ಇರಲಿಲ್ಲ. ಕಿವಿ ಸರಿಯಾಗಿದೆ. ಆದರೆ ಅಂದು ರಾತ್ರಿಯೆಲ್ಲ ಕೆಮ್ಮಿದ್ದೆ, ಅದನ್ನು ಯಾರಿಗೂ ಹೇಳಿರಲಿಲ್ಲ. ಇನ್ನೊಂದು ಪ್ರಶ್ನೆ: ಜಾಕೆಟ್ ಇದ್ದರೆ ಮೊದಲ ಮುಳುಗಿನಲ್ಲೇ ಹಿಡಿ ಎಳೆಯಬೇಕೇ?

ತುರ್ತುಕೊಠಡಿ ಅವರ ಉತ್ತರ:

ನೀರು ಶ್ವಾಸಕೋಶಕ್ಕೆ ಹೋದವರು ಮುಂದಿನ ಕೆಲವು ಗಂಟೆ ಒಬ್ಬರೇ ಇರಬಾರದು. ಕೆಮ್ಮು ನಿಲ್ಲದಿದ್ದರೆ, ಏದುಸಿರು ಬಂದರೆ ಅಥವಾ ಬಾಯಲ್ಲಿ ನೊರೆ ಕಂಡರೆ ಬೆಳಗಾಗುವುದನ್ನು ಕಾಯದೆ ಆಸ್ಪತ್ರೆಗೆ ಹೋಗಬೇಕು. ನೀವು ಅಂದು ಕೆಮ್ಮುತ್ತ ಮಲಗಿದ್ದು ತಪ್ಪು; ಏನೂ ಆಗಲಿಲ್ಲ ಎಂಬುದು ಬೇರೆ ಮಾತು.

ಕಾವಲುದೋಣಿ ಅವರ ಉತ್ತರ:

ಇದಕ್ಕೆ ಒಂದೇ ಉತ್ತರವಿಲ್ಲ. ಸುತ್ತ ಬಂಡೆಗಳಿಲ್ಲದೆ, ಎತ್ತಲು ಜೆಟ್ ಸ್ಕೀ ಕಾದಿದ್ದರೆ, ಸುಳಿ ಸ್ವಲ್ಪ ಸಡಿಲಿಸಿದ ಕೂಡಲೇ ಎಳೆಯಿರಿ. ಬೇಗ ಮೇಲೆ ಬಂದಷ್ಟೂ ಚಾಲಕನಿಗೆ ಬೇಗ ಕಾಣಿಸುತ್ತೀರಿ. ಎತ್ತುವವರಿಲ್ಲದ ಜಾಗದಲ್ಲಿ, ಮೇಲೆ ಬಂದು ಮುಂದಿನ ಅಲೆಯಡಿ ನೀವೇ ಮುಳುಗುವ ಶಕ್ತಿ ಉಳಿದಿದೆಯೆಂದು ಅನಿಸಿದರೆ ತಡೆದುಕೊಳ್ಳಬಹುದು. ಅನುಮಾನವಿದ್ದರೆ ತಡೆಯಬೇಡಿ, ಎಳೆಯಿರಿ. ಮೇಲೆ ಬಂದ ಕೂಡಲೇ ಉಸಿರು ಎಳೆಯುವ ಮೊದಲೇ ಕಡಲ ಕಡೆ ತಿರುಗಿ ನೋಡಿ, ಮುಖದ ಮುಂದಿನ ನೊರೆಯನ್ನು ಕೈಯಿಂದ ಸರಿಸಿ, ಆಮೇಲೆ ಬಾಯಿ ತೆರೆಯಿರಿ. ಪೂರ್ತಿ ಆರಾಮವಾಗಿದ್ದರೆ ಒಂದು ಕೈ ಎತ್ತಿ ತೋರಿಸಿ. ನೀವು ಕೈ ಎತ್ತದಿದ್ದರೆ ನಾವು ನೇರ ನಿಮ್ಮ ಕಡೆಗೇ ಬರುತ್ತೇವೆ. ನೀರಿಗಿಳಿಯುವ ಮೊದಲು ಈ ಸನ್ನೆಯನ್ನು ಚಾಲಕರೊಂದಿಗೆ ಮಾತಾಡಿ ಗೊತ್ತುಮಾಡಿಕೊಳ್ಳಿ, ಒಂದೊಂದು ತಂಡದ್ದು ಒಂದೊಂದು ರೀತಿ ಇರುತ್ತದೆ.