ಹತ್ತು ವರ್ಷದ ಯೋಜನೆಗೆ ಜನರ ಅಭಿಪ್ರಾಯ ಕೇಳಿದರೆ ಬರುವುದು ಅದೇ 11 ಮುಖ, ಏನು ಮಾಡೋದು?

ಸಂಜೆಸಭೆ:
ನಮ್ಮ ಕೌನ್ಸಿಲ್ ಮುಂದಿನ 10 ವರ್ಷಕ್ಕೆ ಯೋಜನೆ ಮಾಡುತ್ತಿದೆ. ನಿವಾಸಿಗಳ ಅಭಿಪ್ರಾಯ ಕೇಳುವ ಗುಂಪಿನಲ್ಲಿ ನಾನೂ ಒಬ್ಬಳು, ಸಂಬಳವಿಲ್ಲದ ಕೆಲಸ. ಮೂರು ಸಂಜೆ ಸಭೆ ಕರೆದೆವು, ಮೂರಕ್ಕೂ ಅದೇ 11 ಜನ, ಅವರಲ್ಲಿ ಇಬ್ಬರಿಗೆ ಪಾರ್ಕಿಂಗ್ ಬಿಟ್ಟರೆ ಬೇರೆ ಮಾತೇ ಇಲ್ಲ. ಬಾಡಿಗೆ ಮನೆಯವರು, ಶಿಫ್ಟ್ ಕೆಲಸದವರು, ಕಾಲೇಜು ಹುಡುಗರು ಯಾರೂ ಈ ಕಡೆ ತಲೆ ಹಾಕಲಿಲ್ಲ. ಆನ್‌ಲೈನ್ ಸರ್ವೆಯಲ್ಲಿ "ರಸ್ತೆ ಎಷ್ಟು ಮುಖ್ಯ, ಪಾರ್ಕ್ ಎಷ್ಟು ಮುಖ್ಯ" ಅಂತ ಕೇಳಿದೆವು. ಎಲ್ಲರೂ ಎಲ್ಲದಕ್ಕೂ "ತುಂಬಾ ಮುಖ್ಯ" ಅಂತ ಟಿಕ್ ಹಾಕಿದ್ದಾರೆ. ಜನರಿಗೆ ಆಸಕ್ತಿ ಇಲ್ಲವಾ, ಇಲ್ಲಾ ನಾವು ಕೇಳುವುದೇ ಸರಿಯಿಲ್ಲವಾ?

ಮಡಚುಮೇಜು:
ಕೇಳುವುದೇ ಸರಿಯಿಲ್ಲ ಮೇಡಂ. ಬೇಜಾರಾಗಬೇಡಿ, ನಾವೂ ಅದೇ ತಪ್ಪು ಮಾಡಿದ್ದೆವು. ಆಮೇಲೆ ಸಭೆ ಬಿಟ್ಟು ಬಸ್ ಸ್ಟಾಪ್ ಹತ್ತಿರ ಒಂದು ಮೇಜು ಹಾಕಿ ಬಡಾವಣೆಯ ದೊಡ್ಡ ನಕ್ಷೆ ಹರಡಿದೆವು. ಪ್ರಶ್ನೆ ಒಂದೇ: ದಿನಾ ಓಡಾಡುವಾಗ ನಿಮಗೆ ಎಲ್ಲಿ ಕಷ್ಟ? ಒಬ್ಬ ಅಜ್ಜಿ ಕನ್ನಡಕ ಸರಿಮಾಡಿಕೊಂಡು ನಕ್ಷೆ ಮೇಲೆ ಬೆರಳಿಟ್ಟು ಮನೆಯಿಂದ ಆಸ್ಪತ್ರೆ ತನಕ ಎಳೆದರು, ನಡುವೆ ಎರಡು ಕಡೆ ಬೆರಳು ನಿಂತಿತು. "ಇಲ್ಲಿ ಏರು. ಎರಡು ಸಲ ನಿಲ್ಲಬೇಕು, ಕೂರೋಕೆ ಒಂದು ಕಲ್ಲೂ ಇಲ್ಲ." ನಮ್ಮ ಸರ್ವೆಯಲ್ಲಿ ಅವರ ಕಷ್ಟ "ಹಿರಿಯ ನಾಗರಿಕರ ಸೌಲಭ್ಯ" ಅನ್ನುವ ಒಂದು ಸಾಲಾಗಿತ್ತು ಅಷ್ಟೇ. ಅಲ್ಲಿ ಎಷ್ಟು ಟಿಕ್ ಬಿದ್ದಿದ್ದರೂ ಬೆಂಚು ಎಲ್ಲಿ ಬೇಕು ಅಂತ ಗೊತ್ತಾಗುತ್ತಿರಲಿಲ್ಲ, ಅಲ್ವಾ?

ಕಡತಪ್ರಿಯ:
ಮೇಜು ಸರಿ, ಆದರೆ ಅದಕ್ಕೂ ಮುಂಚೆ ಒಂದು ಪ್ರಶ್ನೆ. ಡ್ರಾಫ್ಟ್ ಆಗಲೇ ರೆಡಿ ಇದೆಯಾ? ಲಂಡನ್ನಿನ ಬ್ರೆಂಟ್ ಕೌನ್ಸಿಲ್ ಮೇಲೆ 1985ರಲ್ಲಿ ಶಾಲೆ ಮುಚ್ಚುವ ವಿಚಾರಕ್ಕೆ ನಡೆದ ಗನ್ನಿಂಗ್ ಕೇಸನ್ನು ಬ್ರಿಟನ್ನಿನಲ್ಲಿ ಇವತ್ತಿಗೂ ಎತ್ತುತ್ತಾರೆ. ಅದರ ಸಾರ ಇಷ್ಟು: ತೀರ್ಮಾನ ಆಗುವ ಮೊದಲೇ ಕೇಳಬೇಕು, ಜನ ಯೋಚಿಸಿ ಹೇಳಲು ಬೇಕಾದಷ್ಟು ಮಾಹಿತಿ ಮತ್ತು ಸಮಯ ಕೊಡಬೇಕು, ಬಂದ ಉತ್ತರವನ್ನು ನಿಜವಾಗಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಎಲ್ಲಾ ಮುಗಿಸಿ ಸುಮ್ನೆ ಸಹಿ ಹಾಕಿಸಿಕೊಳ್ಳಲು ಕರೆದರೆ ಜನಕ್ಕೆ ವಾಸನೆ ಹತ್ತುತ್ತದೆ.

ಚೀಟಿಎತ್ತು:
"ತುಂಬಾ ಮುಖ್ಯ" ರೋಗಕ್ಕೆ ಮದ್ದು ದುಡ್ಡಿನ ಲೆಕ್ಕ ಮುಂದಿಡುವುದು. ಮೆಲ್ಬರ್ನ್ ನಗರ 2014ರಲ್ಲಿ 10 ವರ್ಷದ ಹಣಕಾಸು ಯೋಜನೆಗೆ 43 ಜನರ ಒಂದು ಗುಂಪು ಮಾಡಿತ್ತು. ಕೈ ಎತ್ತಿದವರನ್ನೆಲ್ಲ ಸೇರಿಸಿಕೊಂಡಿದ್ದಲ್ಲ, ಲಾಟರಿ ತರಹ ಆರಿಸಿದ್ದು. ಅವರ ಮುಂದೆ ನಗರದ ಲೆಕ್ಕಪತ್ರ ಬಿಚ್ಚಿಟ್ಟರು. ಗ್ರಂಥಾಲಯ ಬೇಕು ಅಂದರೆ ಯಾವುದನ್ನು ಮುಂದೂಡುತ್ತೀರಿ, ಇಲ್ಲಾ ತೆರಿಗೆ ಜಾಸ್ತಿ ಕೊಡುತ್ತೀರಾ ಅಂತ ಕೇಳಿ ನೋಡಿ, ಆಗ ನಿಜವಾದ ಚರ್ಚೆ ಶುರುವಾಗುತ್ತದೆ. ನಿಮ್ಮಲ್ಲಿ 43 ಬೇಡ, 15 ಜನ ಸಾಕು, ಅದರಲ್ಲಿ ಅರ್ಧ ಬಾಡಿಗೆ ಮನೆಯವರಿರಲಿ. ಪಾರ್ಕಿಂಗ್ ಇಬ್ಬರನ್ನೂ ದೂರ ಇಡಬೇಡಿ, ಅವರು ಬರುತ್ತಾರಲ್ಲ, ಅದೇ ದೊಡ್ಡದು.

ಹಳೆಗಾಯ:
ನಾನು ಇಂಥ ಎರಡು ಯೋಜನೆಗೆ ಅಭಿಪ್ರಾಯ ಕೊಟ್ಟವನು. ಮೊದಲನೆಯ ಸಲ ನಾಲ್ಕು ಪುಟ ಬರೆದೆ. ಉತ್ತರ ಬರಲಿಲ್ಲ. ಎರಡನೆಯ ಸಲ ನಾಲ್ಕು ಸಾಲು. ಮೂರನೆಯ ಸಲ ಕರೆದಾಗ ಹೋಗಲೇ ಇಲ್ಲ. ನಿಮ್ಮ ಸಭೆಗೆ ಬಾರದವರಲ್ಲಿ ನನ್ನಂಥವರು ಎಷ್ಟಿದ್ದಾರೋ ನೋಡಿ. "ಇದನ್ನು ಸೇರಿಸಿದ್ದೇವೆ, ಅದನ್ನು ಇಂಥ ಕಾರಣಕ್ಕೆ ಬಿಟ್ಟಿದ್ದೇವೆ" ಅಂತ ಒಂದು ಹಾಳೆ ಅಂಟಿಸಿದ್ದರೂ ಸಾಕಿತ್ತು, ಬೈದುಕೊಂಡಾದರೂ ಮತ್ತೆ ಬರುತ್ತಿದ್ದೆ.

ಕಡತಪ್ರಿಯ:
ಹೌದು, ಅದು ಸತ್ಯ. ಇನ್ನೊಂದು, 10 ವರ್ಷ ಅಂದರೆ ಒಂದೇ ಸಲ ಕೇಳಿ ಕೈ ತೊಳೆದುಕೊಳ್ಳುವುದಲ್ಲ. ನ್ಯೂಜಿಲೆಂಡ್‌ನಲ್ಲಿ ಕೌನ್ಸಿಲ್‌ಗಳು ಕನಿಷ್ಠ 10 ವರ್ಷದ ಯೋಜನೆಯನ್ನು 3 ವರ್ಷಕ್ಕೊಮ್ಮೆ ಹೊಸದಾಗಿ ಮಾಡಬೇಕು, ಪ್ರತಿ ಸಲವೂ ಜನರನ್ನು ಕೇಳಬೇಕು. ಹಾಗಾಗಿ ಈ ಸಲ ತಪ್ಪಿದ್ದಕ್ಕೆ ಮುಂದೆ ಯಾವಾಗ ಬಾಗಿಲು ತೆರೆಯುತ್ತದೆ ಅನ್ನುವುದನ್ನೂ ಯೋಜನೆಯಲ್ಲೇ ಬರೆಸಿ.

ಸಂಜೆಸಭೆ:
ಎಲ್ಲರಿಗೂ ಥ್ಯಾಂಕ್ಸ್. ನಿಜ ಹೇಳಬೇಕೆಂದರೆ ಡ್ರಾಫ್ಟ್ 60 ಪುಟ ಆಗಿದೆ, ಮುಖಪುಟಕ್ಕೆ ಫೋಟೋ ಕೂಡ ಆರಿಸಿದ್ದಾರೆ. ಅದನ್ನು ಸದ್ಯ ನಿಲ್ಲಿಸಿ ಅಂತ ನಾಳೆ ಹೇಳುತ್ತೇನೆ, ಬೈಗುಳ ಗ್ಯಾರಂಟಿ. ಶನಿವಾರ ಮೇಜು ಹಾಕುತ್ತೇವೆ. ಒಂದು ಡೌಟು, ನಕ್ಷೆ ಗಾಳಿಗೆ ಹಾರದ ಹಾಗೆ ಮೇಲೆ ಏನು ಇಡುತ್ತೀರಿ?

ಮಡಚುಮೇಜು:
ಆ 60 ಪುಟ ಇಡಿ.